ಕಡಲ ನಗರ, ನದಿಯ ನಗರ

ಮುಂಬಯಿ, ಕೋಲ್ಕತ್ತ - ಈ ಮಹಾನಗರಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಪ್ರವಾಸಿಗರಲ್ಲಿ ನಡೆಯುವುದುಂಟು. ಆದರೆ ಅವುಗಳ ಹುಟ್ಟು ಬೆಳವಣಿಗೆಗಳನ್ನು ಅರಿಯದೆ ತೀರ್ಪು ನೀಡುವುದು ಸರಿಯಲ್ಲ.

ಮುಂಬಯಿಯನ್ನು ಬೆಳೆಸಿದುದು ಕಡಲು. ಏಳು ದ್ವೀಪಗಳ ನಡುವಣ ತಗ್ಗುಗಳನ್ನು ಮಣ್ಣು ಕಲ್ಲುಗಳಿಂದ ತುಂಬಿ ಈ ನಗರದ ನೆಲವನ್ನು ಒಂದುಗೂಡಿಸಲಾಯಿತು. ಪ್ರವಾಸಿಯು 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾದ ಬಳಿ ದೋಣಿಯನ್ನೇರಿ ಎಲಿಫೆಂಟಾ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಗುಹೆಯಲ್ಲಿ ಬಂಡೆಯನ್ನೇ ಕೊರೆದು ಮೂಡಿಸಿದ, ಮೂರು ಮುಖಗಳ ಶಿವನ ಭವ್ಯ ಮೂರ್ತಿಯಿದೆ.

ಕೋಲ್ಕತ್ತಕ್ಕೆ ಹೂಗ್ಲಿ ನದಿಯೇ ಜೀವನಾಡಿ. ರಾಜಧಾನಿಯನ್ನು ದೆಹಲಿಗೆ ವರ್ಗಾಯಿಸುವ ನಿರ್ಧಾರವು 1911ರಲ್ಲಿ ಪ್ರಕಟವಾಗುವವರೆಗೆ ಬ್ರಿಟಿಷ್ ಭಾರತದ ಆಡಳಿತಕ್ಕೆ ಇದೇ ಕೇಂದ್ರವಾಗಿತ್ತು. 1814ರಲ್ಲಿ ಸ್ಥಾಪಿತವಾದ ಇಲ್ಲಿನ ಇಂಡಿಯನ್ ಮ್ಯೂಸಿಯಂನಲ್ಲಿ ಭಾರಹುತ ಸ್ತೂಪದ ಶಿಲ್ಪಗಳನ್ನು ಕಾಣಬಹುದು. ಮುಂಜಾನೆ ಹೌರಾ ಸೇತುವೆಯ ಮೇಲೆ ನಡೆದು ಹೋಗುವುದು ಒಂದು ವಿಶಿಷ್ಟ ಅನುಭವ. 1943ರಲ್ಲಿ ಸಂಚಾರಕ್ಕೆ ತೆರೆದ ಈ ಉಕ್ಕಿನ ಸೇತುವೆಗೆ ನದಿಯ ಮಧ್ಯದಲ್ಲಿ ಒಂದೂ ಕಂಬವಿಲ್ಲ. ಅದರ ಬುಡದಲ್ಲಿಯೇ ದೊಡ್ಡ ಹೂವಿನ ಮಾರುಕಟ್ಟೆಯಿದೆ. ಹೊರೆ ಹೊತ್ತು ಅವಸರದಿಂದ ಸಾಗುವ ದುಡಿಮೆಗಾರರನ್ನು ಅಲ್ಲಿ ನೋಡಬಹುದು.

ಎಲಿಫೆಂಟಾ ಗುಹೆಗಳೂ ಇಂಡಿಯನ್ ಮ್ಯೂಸಿಯಂ ಕೂಡ ಸೋಮವಾರ ಮುಚ್ಚಿರುತ್ತವೆ ಎಂಬುದನ್ನು ಪ್ರವಾಸಿಯು ನೆನಪಿಡಬೇಕು. ಕಟ್ಟಡಗಳನ್ನಷ್ಟೇ ಕಂಡು ಮರಳಿದವನು ನಗರವನ್ನು ಅರ್ಧ ಮಾತ್ರ ಕಂಡಂತೆ. ಅದನ್ನು ಕಟ್ಟಿ ನಡೆಸುತ್ತಿರುವ ಜನರ ಶ್ರಮವನ್ನೂ ಗಮನಿಸಿದವನಿಗೆ ಎರಡು ನಗರಗಳೂ ಪೂಜ್ಯವೆನಿಸುತ್ತವೆ.