ಅಮೆರಿಕದ ದಂತ ಪದವಿ ಮತ್ತು ಭೋಜದ ಉತಾರ

ಭಾರತದ ಬಿಡಿಎಸ್ ಪದವಿ, ಅಂದರೆ ನಾಲ್ಕು ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿದ ಮೇಲೆ ಕೈಗೆ ಬರುವ ದಂತವೈದ್ಯ ಪದವಿ, ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ವೃತ್ತಿ ಪರವಾನಗಿಗೆ ಸಾಲದು. ಅಲ್ಲಿನ ಮಾನ್ಯತೆ ಪಡೆದ ಕಾಲೇಜೊಂದರಲ್ಲಿ ಮತ್ತೆ ಎರಡರಿಂದ ಮೂರು ವರ್ಷ ಓದಿ ಡಿಡಿಎಸ್ ಅಥವಾ ಡಿಎಂಡಿ ಪದವಿಯನ್ನು ಪಡೆಯುವುದು ಹೆಚ್ಚಿನವರು ಹಿಡಿಯುವ ದಾರಿಯಾಗಿದ್ದು, ಈ ಎರಡು ಪದವಿಗಳಿಗೆ ಹೆಸರು ಬೇರೆಯಾದರೂ ತೂಕ ಒಂದೇ. ವಿದೇಶಗಳಲ್ಲಿ ಕಲಿತು ಬಂದ ದಂತವೈದ್ಯರನ್ನು ನಡುವಿನ ವರ್ಷಕ್ಕೆ ಸೇರಿಸಿಕೊಳ್ಳುವ ಈ ವ್ಯವಸ್ಥೆಗೆ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಎನ್ನುತ್ತಾರೆ.

ದೂಧಗಂಗಾ ಮತ್ತು ವೇದಗಂಗಾ ಕೂಡುವ ಭೋಜದ ಸುತ್ತಲಿನ ಸೀಮೆಯಿಂದ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ರಾಯಬಾಗ ಮತ್ತು ಕಾಗವಾಡ ತಾಲ್ಲೂಕುಗಳಿಂದ, ದಂತವೈದ್ಯಕೀಯ ಕಲಿಯಲು ಹೊರಡುವ ಮಕ್ಕಳಿಗೆ ಹತ್ತಿರದ ಕೇಂದ್ರ ಬೆಳಗಾವಿ. ಅಲ್ಲಿ 1985ರಲ್ಲಿ ಆರಂಭವಾದ ಕೆಎಲ್ಇ ದಂತ ಮಹಾವಿದ್ಯಾಲಯವೂ ಮರಾಠಾ ಮಂಡಳದ ದಂತ ಮಹಾವಿದ್ಯಾಲಯವೂ ಇವೆ. ಈ ಮಕ್ಕಳಲ್ಲಿ ಅಮೆರಿಕದ ಕಡೆ ಮುಖ ಮಾಡುವವರ ಮನೆಗಳಲ್ಲಿ ಮಾತು ಸಾಮಾನ್ಯವಾಗಿ ಸೀಟಿನ ಸುತ್ತಲೇ ಸುತ್ತುತ್ತದೆಯಾದರೂ, ಇಂಥ ಅರ್ಜಿಯೊಂದರ ಹಣಕಾಸನ್ನು ಸ್ವಂತ ಕುಟುಂಬದಲ್ಲಿ ನೋಡಿಕೊಂಡ ಈ ಅಂಕಣಕಾರರ ಅನುಭವದಲ್ಲಿ, ಎಷ್ಟು ಹಣವನ್ನು ಯಾವ ಹಂತದಲ್ಲಿ ಪಣಕ್ಕಿಡಬೇಕು ಎಂಬ ಪ್ರಶ್ನೆ ಸೀಟಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು.

ಮೊದಲ ಹಂತದ ಖರ್ಚು ಲಕ್ಷಗಳ ಲೆಕ್ಕದ್ದು. 2020ರಲ್ಲಿ ಜಾರಿಗೆ ಬಂದ ಐಎನ್‌ಬಿಡಿಇ ಎಂಬ ಎರಡು ದಿನಗಳ, 500 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ, ಇಂಗ್ಲಿಷ್ ಜ್ಞಾನವನ್ನು ಅಳೆಯುವ ಟೋಫೆಲ್, ಭಾರತದ ಅಂಕಗಳನ್ನು ಅಲ್ಲಿನ ಮಾನದಂಡಕ್ಕೆ ಹೊಂದಿಸಿ ವರದಿ ಕೊಡುವ ಇಸಿಇ ಸಂಸ್ಥೆಯ ಮೌಲ್ಯಮಾಪನ, ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಪಿಡ್ ವ್ಯವಸ್ಥೆ, ಇವೆಲ್ಲಕ್ಕೂ ಬೇರೆ ಬೇರೆ ಶುಲ್ಕವಿದೆ. ಕಾಪಿಡ್‌ನಲ್ಲಿ ಕಾಲೇಜುಗಳ ಸಂಖ್ಯೆ ಏರಿದಂತೆ ಶುಲ್ಕವೂ ಏರುತ್ತದೆ. ಸಂದರ್ಶನಕ್ಕೆ ಮತ್ತು ಕೃತಕ ಹಲ್ಲಿನ ಮೇಲೆ ಕೈಚಳಕ ತೋರಿಸಬೇಕಾದ ಬೆಂಚ್ ಟೆಸ್ಟ್‌ಗೆ ಕರೆ ಬಂದರೆ ವೀಸಾ ಮತ್ತು ವಿಮಾನದ ಖರ್ಚು ಅದಕ್ಕೆ ಸೇರಿಕೊಳ್ಳುತ್ತದೆ. ಈ ಹಣ ಫಲ ಕೊಡದೆಯೂ ಹೋಗಬಹುದು ಎಂದು ಮೊದಲೇ ಒಪ್ಪಿಕೊಂಡು, ಅದನ್ನು ಸಾಲದಿಂದಲ್ಲದೆ ಉಳಿತಾಯದಿಂದ ಭರಿಸುವುದು ಕ್ಷೇಮ.

ಈ ಹಂತದಲ್ಲಿ ಹಣ ಮತ್ತು ಕಾಲ ಎರಡನ್ನೂ ತಿನ್ನುವುದು ಕಾಗದಪತ್ರ. ಗಡಿಭಾಗದ ರೂಢಿಯಂತೆ ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬಂದು, ಪಾಸ್‌ಪೋರ್ಟಿನಲ್ಲಿ ಕೊನೆಗೆ ಹೋಗಿ, ಮದುವೆಯ ನಂತರ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಕೂತಿದ್ದರೆ, ಮೂರೂ ಒಬ್ಬರವೇ ಎಂದು ಪ್ರಮಾಣಪತ್ರ ಮಾಡಿಸಬೇಕಾಗುತ್ತದೆ. ಅಂಕಗಳ ದೃಢೀಕೃತ ಪ್ರತಿಗಳು ವಿಶ್ವವಿದ್ಯಾಲಯದಿಂದಲೇ ಹೋಗಬೇಕಾದ ಕಾರಣ, ಓದಿದ ಕಾಲದಲ್ಲಿ ಕಾಲೇಜು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿತ್ತೋ, ಡೀಮ್ಡ್ ವಿಶ್ವವಿದ್ಯಾಲಯದ ಅಡಿಯಲ್ಲಿತ್ತೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಎರಡನೆಯ ಹಂತದ ಖರ್ಚು ಕೋಟಿಗಳ ಲೆಕ್ಕದ್ದು. ಹಲವು ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕವೊಂದೇ ವರ್ಷಕ್ಕೆ 1,00,000 ಡಾಲರ್ ದಾಟುತ್ತದೆ. ವಾಸ, ಊಟ, ವಿಮೆ, ಉಪಕರಣಗಳೆಲ್ಲ ಸೇರಿ ಒಟ್ಟು 3,00,000 ಡಾಲರ್ ಎಂದೂ, ಡಾಲರಿಗೆ 90 ರೂಪಾಯಿ ಎಂದೂ ಹಿಡಿದರೆ ಮೊತ್ತ 2.70 ಕೋಟಿ ರೂಪಾಯಿಯಾಗುತ್ತದೆ. ಟನ್ನಿಗೆ 3,300 ರೂಪಾಯಿ ದರದಲ್ಲಿ ಇದು ಸುಮಾರು 8,180 ಟನ್ ಕಬ್ಬಿನ ಬಿಲ್ಲು. ಎಕರೆಗೆ 40 ಟನ್ ಇಳುವರಿ ಬಂದು, ಬೀಜ, ಗೊಬ್ಬರ, ಕಟಾವಿನ ಖರ್ಚನ್ನು ಕಳೆಯದೆ ಬಿಟ್ಟರೂ, 200 ಎಕರೆಗೂ ಮಿಕ್ಕಿದ ಒಂದು ಹಂಗಾಮಿನ ಬೆಳೆ ಇದಕ್ಕೆ ಬೇಕು. ಮೇಲಾಗಿ ಶುಲ್ಕದ ಕಂತು ಕಟ್ಟುವ ಅವಧಿಯಲ್ಲಿ ಡಾಲರ್ ಒಂದು ರೂಪಾಯಿ ಏರಿದರೆ ಒಟ್ಟು ಖರ್ಚು ಮೂರು ಲಕ್ಷದವರೆಗೆ ಹೆಚ್ಚುತ್ತದೆ.

ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ನೀರಾವರಿ ಹೊಲವಿದ್ದ ಮೇಲೆ ಅಡಮಾನಕ್ಕೇನು ಕೊರತೆ ಎಂಬ ರೈತ ಕುಟುಂಬದ ಭರವಸೆ ಮೊದಲು ಅಲುಗಾಡುವುದು ಇಲ್ಲಿಯೇ. ಅಂಕಣಕಾರರ ಕುಟುಂಬದ ಹಿರಿಯರು ಮೇಜಿನ ಮೇಲೆ ಹರಡಿದ ಉತಾರಗಳನ್ನು, ಅಂದರೆ ಪಹಣಿ ಪತ್ರಗಳನ್ನು, ಬ್ಯಾಂಕಿನ ಅಧಿಕಾರಿ ಓದದೆಯೇ ಒತ್ತಟ್ಟಿಗೆ ಸರಿಸಿ, “ಅಣ್ಣಾರ, ಉತಾರಾ ಇರ್ಲಿ ಬಿಡ್ರಿ, ಮನೀದು ಒಂಬತ್ತ-ಹನ್ನೊಂದ ತಗೊಂಡ ಬರ್ರಿ” ಎಂದರು. ಅವರು ಕೇಳಿದ್ದು ಇ-ಸ್ವತ್ತು ತಂತ್ರಾಂಶದ ಮೂಲಕ ಗ್ರಾಮ ಪಂಚಾಯಿತಿ ಕೊಡುವ ನಮೂನೆ 9 ಮತ್ತು 11ನ್ನು. ಸಾಲ ಮರುಪಾವತಿ ತಪ್ಪಿದಾಗ ನ್ಯಾಯಾಲಯಕ್ಕೆ ಹೋಗದೆ ಅಡಮಾನವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಬ್ಯಾಂಕಿಗೆ ಹತ್ತು ಎಕರೆ ಹೊಲಕ್ಕಿಂತ ಪಟ್ಟಣದ ಒಂದು ಎನ್‌ಎ, ಅಂದರೆ ಕೃಷಿಯೇತರ, ಪ್ಲಾಟು ಹೆಚ್ಚು ಒಪ್ಪಿಗೆಯಾಗುತ್ತದೆ.

ಹೀಗೆ ಬ್ಯಾಂಕಿನ ಬಾಗಿಲು ಅರ್ಧ ಮುಚ್ಚಿದಾಗ ಕುಟುಂಬಗಳು ಊರಿನ ಸೌಹಾರ್ದ ಮತ್ತು ಪತ್ತಿನ ಸಂಘಗಳತ್ತ ಹೊರಳುತ್ತವೆ, ಇಲ್ಲವೆ ಹೊಲ ಮಾರಲು ಯೋಚಿಸುತ್ತವೆ. ಪತ್ತಿನ ಸಂಘ ಬ್ಯಾಂಕಲ್ಲವಾದ ಕಾರಣ, ಅದರ ಸಾಲಕ್ಕೆ 80ಇ ಎಂದು ಪರಿಚಿತವಾದ ಬಡ್ಡಿ ವಿನಾಯಿತಿಯೂ, ವಿದೇಶಕ್ಕೆ ಹಣ ಕಳಿಸುವಾಗ ಕಡಿತವಾಗುವ ಟಿಸಿಎಸ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಿಗುವ ಮಾಫಿಯೂ ದಕ್ಕುವುದಿಲ್ಲ. ಟಿಸಿಎಸ್ ಮುಂಗಡ ತೆರಿಗೆಯಾಗಿದ್ದು ರಿಟರ್ನ್ ಸಲ್ಲಿಸಿದರೆ ಮರಳಿ ಬರುತ್ತದೆ; ಇನ್ನು 80ಇ ವಿನಾಯಿತಿಯಂತೂ ಕೃಷಿ ಆದಾಯದ ಮೇಲೆ ತೆರಿಗೆಯೇ ಇಲ್ಲದ ಕಬ್ಬು ಬೆಳೆಗಾರನಿಗೆ ಹೇಗೂ ಉಪಯೋಗಕ್ಕೆ ಬಾರದು. ಹೊಲ ಮಾರುವವರಿಗೆ ಗ್ರಾಮೀಣ ಕೃಷಿ ಭೂಮಿಯ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂಬ ಅನುಕೂಲ ಎದ್ದು ಕಾಣುತ್ತದೆ. ಆದರೆ ಪಿತ್ರಾರ್ಜಿತ ಹೊಲದಲ್ಲಿ ಹೆಣ್ಣುಮಕ್ಕಳಿಗೂ 2005ರ ತಿದ್ದುಪಡಿಯಿಂದ ಸಮಪಾಲು ಇರುವುದರಿಂದ, ಒಬ್ಬರ ಓದಿಗಾಗಿ ಎಲ್ಲರ ಪಾಲು ಕರಗುತ್ತದೆ ಎಂಬುದನ್ನು ಮನೆಯವರೆಲ್ಲ ಕೂತು ಮಾತಾಡಿಯೇ ಮುಂದುವರಿಯಬೇಕು.

ಸಾಲ ತೀರುವ ದಾರಿ ಅಮೆರಿಕದ ದುಡಿಮೆಯೊಂದೇ ಆಗಿರುವುದರಿಂದ ವೀಸಾದ ಅನಿಶ್ಚಿತತೆಯೂ ಹಣಕಾಸಿನ ಲೆಕ್ಕಕ್ಕೇ ಸೇರುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಪದವಿಯ ನಂತರ ಒಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿ ಸಿಗುತ್ತದೆ. ಎಂಜಿನಿಯರಿಂಗ್ ಮೊದಲಾದ ವಿಷಯಗಳಿಗಿರುವ ಇನ್ನೂ 24 ತಿಂಗಳ ವಿಸ್ತರಣೆ ಡಿಡಿಎಸ್, ಡಿಎಂಡಿ ಪದವಿಗಳಿಗಿಲ್ಲ. ಆ ಒಂದು ವರ್ಷದೊಳಗೆ ರಾಜ್ಯದ ಪರವಾನಗಿ, ಕೆಲಸ ಮತ್ತು ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಆಯ್ಕೆ ಮೂರೂ ಕೂಡಿ ಬರಬೇಕು. ಕೂಡಿ ಬರದೆ ಊರಿಗೆ ಮರಳಬೇಕಾದರೆ, ಕೇವಲ ಒಂದು ಕೋಟಿ ರೂಪಾಯಿ ಸಾಲಕ್ಕೂ ಶೇ 10ರ ಬಡ್ಡಿಯಲ್ಲಿ 15 ವರ್ಷಗಳ ಕಂತು ತಿಂಗಳಿಗೆ ಸುಮಾರು 1,07,500 ರೂಪಾಯಿಯಾಗುತ್ತದೆ. ನಿಪ್ಪಾಣಿಯಲ್ಲಿ ಹೊಸದಾಗಿ ತೆರೆದ ಚಿಕಿತ್ಸಾಲಯ ಇದನ್ನು ಹೊರಲಾರದು.

ಆದ್ದರಿಂದ ಸಾಲದ ಮಿತಿಯನ್ನು ಕಾಪಿಡ್ ಅರ್ಜಿಗೆ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಸೀಟು ಸಿಕ್ಕಿತೆಂಬ ಪತ್ರದೊಡನೆ ಮರಳಿ ಬಾರದ ಠೇವಣಿಯ ಗಡುವೂ ಬರುವುದರಿಂದ, ಆಗ ಶಾಂತವಾಗಿ ಲೆಕ್ಕ ಹಾಕಲು ಪುರುಸೊತ್ತು ಇರುವುದಿಲ್ಲ. ಆ ಮಿತಿಯನ್ನು ನಿರ್ಧರಿಸುವಾಗ ಸಹಸಾಲಗಾರನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 55ರ ತಂದೆ ಸಹಿ ಹಾಕಿದರೆ, ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ವಿನಾಯಿತಿ ಕಳೆದು, ಕೊನೆಯ ಕಂತು ತೀರುವಾಗ ಅವರಿಗೆ 73 ಅಥವಾ 74 ಆಗಿರುತ್ತದೆ. ಮಗಳು ಅಲ್ಲಿಂದ ಹಣ ಕಳಿಸಲಾಗದ ತಿಂಗಳುಗಳಲ್ಲಿ ಬ್ಯಾಂಕಿನ ನೋಟಿಸು ಬರುವುದು ಭೋಜದ ವಿಳಾಸಕ್ಕೇ.