ಬಿಳಿಯ ಗರಿಯೊಂದೇ ಲೆಗ್‌ಹಾರ್ನ್ ಜಾತಿಯ ಗುರುತಲ್ಲ

ಸಂತೆಯಲ್ಲಿ ಬಿಳಿಯ ಹುಂಜವೊಂದನ್ನು ಕಂಡು, ಲೆಗ್‌ಹಾರ್ನ್ ಜಾತಿಯದೆಂಬ ಮಾರುವವನ ಮಾತನ್ನು ನಂಬಿ, ಹೆಚ್ಚಿನ ಬೆಲೆ ಕೊಟ್ಟು ತರುವುದುಂಟು. ಎರಡು ಮೂರು ವರ್ಷಗಳೊಳಗೆ ಮಂದೆಯಲ್ಲಿ ಕರಿ, ಕೆಂಪು, ಬೂದಿ ಬಣ್ಣದ ಮರಿಗಳು ಹುಟ್ಟಿ, ಮೊಟ್ಟೆಯೂ ಹೆಚ್ಚದೆ, ಪರದೇಶದ ಕೋಳಿ ಈ ಸೀಮೆಗೆ ಒಗ್ಗದೆಂದು ಯಜಮಾನನು ಬೇಸರಪಡುತ್ತಾನೆ. ದೋಷವು ಬಹುಮಟ್ಟಿಗೆ ಸೀಮೆಯದಲ್ಲ, ಹುಂಜದ ಆಯ್ಕೆಯದು.

ಇಟಲಿ ದೇಶದ ಲಿವೋರ್ನೊ ಬಂದರಿನಿಂದ ಹೆಸರು ಪಡೆದ ಈ ಜಾತಿಯು ಅಮೆರಿಕದಲ್ಲಿ ಬಹಳವಾಗಿ ತಿದ್ದಲ್ಪಟ್ಟಿತು. ಕೋಳಿಯ ಜಾತಿಗಳಿಗೆ ಇರತಕ್ಕ ಲಕ್ಷಣಗಳನ್ನು ಗೊತ್ತುಮಾಡಿದ ಗ್ರಂಥವನ್ನು ಅಲ್ಲಿಯ ಸಂಘವು 1874ರಲ್ಲಿ ಮೊದಲು ಪ್ರಕಟಿಸಿತು. ಆ ಪ್ರಮಾಣದಂತೆ ಬೆಳೆದ ಲೆಗ್‌ಹಾರ್ನ್ ಹುಂಜದ ತೂಕ 6 ಪೌಂಡು, ಹೇಂಟೆಯದು 4½ ಪೌಂಡು. ಜುಟ್ಟು ಒಂಟಿಯಾಗಿ ಐದು ಮೊನೆಗಳುಳ್ಳದ್ದು. ಹುಂಜದಲ್ಲಿ ನೆಟ್ಟಗೆ ನಿಲ್ಲತಕ್ಕದ್ದು, ಹೇಂಟೆಯಲ್ಲಿ ಮುಂದಿನ ಮೊನೆಯ ಹಿಂದೆ ಒಂದು ಪಕ್ಕಕ್ಕೆ ಬಾಗತಕ್ಕದ್ದು. ಕಿವಿಯ ಹಾಲೆ ಬಿಳುಪು; ಕೊಕ್ಕು ಕಾಲುಗಳು ಹಳದಿ; ಮೊಟ್ಟೆಯ ಚಿಪ್ಪು ಬಿಳುಪು. ನಮ್ಮ ಜನರು ದಪ್ಪನಾದ ಹುಂಜವನ್ನು ಮೆಚ್ಚುವರು. ಆದರೆ ಇದು ಹಗುರ ಮೈಯ ಜಾತಿ. ಬಿಳಿಯ ಹುಂಜದ ತಲೆಯಲ್ಲಿ ಅಸೀಲ್ ಕೋಳಿಯ ಹಾಗೆ ಗಿಡ್ಡನೆಯ ಮುದ್ದೆ ಜುಟ್ಟು ಕಂಡರೆ ಬೆರಕೆಯೆಂದು ಆಗಲೇ ತಿಳಿಯಬಹುದು.

ಬಣ್ಣವಾದರೋ ಮೋಸಗೊಳಿಸುವಂಥದು. ಲೆಗ್‌ಹಾರ್ನಿನ ಬಿಳುಪು ಉಳಿದ ಬಣ್ಣಗಳನ್ನು ಮುಚ್ಚುವ ಶಕ್ತಿಯುಳ್ಳದ್ದು. ಶುದ್ಧ ಹುಂಜವನ್ನು ಕರಿಯ ನಾಡಕೋಳಿಗೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ, ಅಲ್ಲಲ್ಲಿ ಕಪ್ಪು ಚುಕ್ಕೆಯಿದ್ದರೂ, ಬಿಳಿಯವೇ. ಇಂತಹ ಅರೆಬೆರಕೆಯ ಹುಂಜವೇ ಸಂತೆಗೆ ಬಂದು ಶುದ್ಧ ಜಾತಿಯದೆನಿಸಿಕೊಳ್ಳುವುದು. ಅರೆಬೆರಕೆಗಳನ್ನು ತಮ್ಮೊಳಗೇ ಕೂಡಿಸಿದರೆ ಸುಮಾರು ನಾಲ್ಕರಲ್ಲೊಂದು ಮರಿಗೆ ಹಳೆಯ ಬಣ್ಣ ಹೊರಬೀಳುತ್ತದೆ.

ಇದನ್ನು ಪರೀಕ್ಷಿಸಲು ಯಂತ್ರಸಾಧನಗಳು ಬೇಡ. ಪೂರಾ ಕರಿಯ ನಾಡಕೋಳಿಗಳು ಎರಡು ಮೂರನ್ನು ಬೇರೆ ಹುಂಜಗಳಿಂದ ಅಗಲಿಸಿ, ಸಂಶಯವುಳ್ಳ ಹುಂಜದೊಡನೆ ಕೂಡಿಡಬೇಕು. ಹಿಂದಿನ ಹುಂಜದ ಬೀಜವು ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಉಳಿಯುವುದರಿಂದ, ಮೊದಲ ಮೂರು ವಾರಗಳ ಮೊಟ್ಟೆಗಳನ್ನು ಅಡಿಗೆಗೆ ಉಪಯೋಗಿಸಿ, ಅನಂತರದವನ್ನು ಕಾವಿಗಿಡಬೇಕು. ಹುಂಜವು ಅರೆಬೆರಕೆಯದಾದರೆ ಸುಮಾರು ಅರ್ಧ ಮರಿಗಳು ಬಣ್ಣದವಾಗುತ್ತವೆ. ಪೂರಾ ಕಪ್ಪಾದ ಮರಿ ಒಂದೇ ಹುಟ್ಟಿದರೂ ಆ ಹುಂಜವನ್ನು ತಳಿಗೆ ಇಡಲಾಗದು. ಹನ್ನೆರಡು ಮರಿಗಳೂ ಬಿಳಿಯವಾದರೆ ಬಣ್ಣದ ಮಟ್ಟಿಗೆ ನಂಬಬಹುದು. ಉಳಿದ ಲಕ್ಷಣಗಳನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಹುಂಜವು ಮೊಟ್ಟೆಯಿಡದಿದ್ದರೂ ಮೊಟ್ಟೆಯ ಗುಣವನ್ನು ಹೆಣ್ಣುಮರಿಗಳಿಗೆ ಕೊಡುತ್ತದೆ. ಆದುದರಿಂದ ಅದರ ತಾಯಿಯೂ ಅಕ್ಕತಂಗಿಯರೂ ಇಟ್ಟ ಮೊಟ್ಟೆಗಳ ಲೆಕ್ಕವನ್ನು ಕೇಳಿಯೇ ಕೊಳ್ಳತಕ್ಕದ್ದು.

ಹೇಂಟೆಯ ವಿಷಯದಲ್ಲಿ ಪ್ರಮಾಣವನ್ನು ಕುರುಡಾಗಿ ಅನುಸರಿಸಿದರೆ ನಷ್ಟವುಂಟು. ಕಾಲು ಹಳದಿಯಿರಬೇಕೆಂಬುದು ನಿಜ. ಆದರೆ ಮೇವಿನಿಂದ ಬರುವ ಆ ಹಳದಿಯು ಮೊಟ್ಟೆಯಿಡುವ ಕಾಲದಲ್ಲಿ ಭಂಡಾರಕ್ಕೆ ಹೋಗಿ, ಮೊದಲು ಗುದದ್ವಾರ, ಆಮೇಲೆ ಕಣ್ಣಿನ ಸುತ್ತು, ಕೊಕ್ಕು, ಕಡೆಗೆ ಕಾಲು ಬಿಳಿಚಿಕೊಳ್ಳುತ್ತವೆ. ಅನೇಕ ತಿಂಗಳು ಮೊಟ್ಟೆಯಿಟ್ಟ ಹೇಂಟೆಯ ಕಾಲು ಬಿಳಿಚಿದ್ದರೆ ಅದು ಗುಣವೇ ಹೊರತು ದೋಷವಲ್ಲ. ಆ ಕಾಲದಲ್ಲಿಯೂ ಕಾಲು ಅರಿಸಿನದಂತೆ ಹೊಳೆಯುವ ಹೇಂಟೆ ನೋಟಕ್ಕೆ ಚೆನ್ನ, ಗೂಡಿಗೆ ಭಾರ. ಕಾಲಿನ ಬಣ್ಣವನ್ನು ಯಾಟೆಯು ಮೊಟ್ಟೆಗೆ ಬರುವ ಮೊದಲೇ ಪರೀಕ್ಷಿಸಬೇಕು. ಮೊಟ್ಟೆಯಿಡುವ ಹೇಂಟೆಯ ಗುದದ್ವಾರದ ಇಕ್ಕೆಲದ ಮೊನೆಯೆಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಯುವಷ್ಟು ಎಡೆಯಿರುತ್ತದೆ.

ಮಂದೆಯನ್ನೆಲ್ಲ ಮಾರಿ ಹೊಸದಾಗಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ನಾಡಕೋಳಿಗೆ ಶುದ್ಧ ಹುಂಜವನ್ನು ಕೂಡಿಸಿ, ಹುಟ್ಟಿದ ಹೆಣ್ಣುಗಳಿಗೆ ಸಂಬಂಧವಿಲ್ಲದ ಬೇರೊಂದು ಶುದ್ಧ ಹುಂಜವನ್ನು ಕೂಡಿಸುತ್ತ ಬಂದರೆ, ಶುದ್ಧ ರಕ್ತವು ಮೊದಲ ತಲೆಯಲ್ಲಿ ಅರ್ಧ, ಎರಡನೆಯದರಲ್ಲಿ ಮುಕ್ಕಾಲು, ನಾಲ್ಕನೆಯದರಲ್ಲಿ ಹದಿನಾರರಲ್ಲಿ ಹದಿನೈದು ಪಾಲು ಆಗುತ್ತದೆ. ಹನ್ನೆರಡರಿಂದ ಹದಿನೈದು ಹೇಂಟೆಗಳಿಗೆ ಒಂದು ಹುಂಜ ಸಾಕು. ಬೆರಕೆ ಹುಂಜಗಳನ್ನು ಎಳೆಯದರಲ್ಲಿಯೇ ಮಾಂಸಕ್ಕೆ ತೆಗೆದುಬಿಡಬೇಕು. ನೆರೆಮನೆಯ ನಾಡಹುಂಜವು ಬೇಲಿ ಹಾರಿ ಬರುವ ಊರಿನಲ್ಲಿ ಒಬ್ಬನ ಶ್ರಮವೆಲ್ಲ ವ್ಯರ್ಥ. ಕೇರಿಯವರೆಲ್ಲ ಒಪ್ಪಿ ಏಕಕಾಲದಲ್ಲಿ ಹುಂಜಗಳನ್ನು ಬದಲಾಯಿಸುವಂತೆ ಏರ್ಪಾಡು ಮಾಡಿಕೊಳ್ಳುವುದು ಮೇಲು. ನಾಲ್ಕಾರು ನಾಡಹೇಂಟೆಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಲೆಗ್‌ಹಾರ್ನ್ ಹೇಂಟೆ ಕಾವಿಗೆ ಕೂರುವುದು ಅಪರೂಪ.