ಅಟ್ಟದ ಬಾವಲಿಗಳನ್ನು ನೋಯಿಸದೆ ಕಳಿಸುವುದು ಹೇಗೆ?

ಕಾಚಿಗುಡದ ನಿಮ್ಮ ಹಳೆಯ ಮನೆಯ ಅಟ್ಟ ಸೇರಿರುವುದು, ನೀವು ಬರೆದದ್ದನ್ನು ನೋಡಿದರೆ, ಕೀಟ ತಿನ್ನುವ ಸಣ್ಣ ಬಾವಲಿಗಳು. ಇವು ಇಲಿಗಳಂತೆ ಮರ ಕೊರೆಯುವುದಿಲ್ಲ, ತಂತಿ ಕಡಿಯುವುದಿಲ್ಲ. ದಯವಿಟ್ಟು ಹೊಗೆ ಹಾಕಬೇಡಿ, ವಿಷ ಸಿಂಪಡಿಸಬೇಡಿ.

ಮೊದಲು ಮರಿಗಳಿವೆಯೇ ನೋಡಿ. ಕೆಲವು ಜಾತಿಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕುವುದರಿಂದ ತಿಂಗಳ ಲೆಕ್ಕವನ್ನಷ್ಟೇ ನಂಬುವಂತಿಲ್ಲ. ಕತ್ತಲಾಗಿ ದೊಡ್ಡವು ಹೊರಗೆ ಹಾರಿದ ಮೇಲೆ, ಮಂದ ಬೆಳಕಿನಲ್ಲಿ ಅಟ್ಟದೊಳಗೆ ಇಣುಕಿ ನೋಡಿ. ಹಾರಲಾರದ ಮರಿಗಳು ಕಂಡರೆ ಕೆಲವು ವಾರ ಕಾಯಲೇಬೇಕು. ಈಗ ದಾರಿ ಮುಚ್ಚಿದರೆ ತಾಯಿ ಹೊರಗೆ, ಮರಿ ಒಳಗೆ ಹಸಿದು ಸಾಯುತ್ತದೆ. ಈ ಒಂದು ವಿಷಯದಲ್ಲಿ ಅವಸರ ಬೇಡವೇ ಬೇಡ.

ಮರಿಗಳಿಲ್ಲವೆಂದು ಖಚಿತವಾದರೆ, ಮುಸ್ಸಂಜೆ ಹೊರಗೆ ನಿಂತು ಅವು ಹೊರಡುವ ಕಿಂಡಿ ಗುರುತಿಸಿ. ಕಿರುಬೆರಳು ತೂರುವಷ್ಟು ಸಂದೂ ಅವಕ್ಕೆ ಸಾಕು. ಅದರ ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಮೇಲ್ಗಡೆ, ಎರಡೂ ಬದಿ ಬಿಗಿದು, ಕೆಳಗೆ ಅರ್ಧ ಮೀಟರ್ ಸಡಿಲವಾಗಿ ಇಳಿಬಿಡಿ. ಬಾವಲಿ ತೆವಳಿ ಹೊರಬರುತ್ತದೆ, ಮರಳಿ ಬರುವ ದಾರಿ ಅದಕ್ಕೆ ಸಿಗುವುದಿಲ್ಲ. ಉಳಿದ ಸಂದುಗಳನ್ನು ಮುಚ್ಚಿ, ಒಂದು ವಾರ ಬಿಟ್ಟು, ಒಳಗೆ ಯಾವುದೂ ಉಳಿದಿಲ್ಲವೆಂದು ನೋಡಿ ಕಿಂಡಿಗೆ ಗಾರೆ ಹಾಕಿಸಿ.

ಹಿಕ್ಕೆಯನ್ನು ಒಣಗಿರುವಾಗಲೇ ಗುಡಿಸಬೇಡಿ, ಅದರ ಧೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಸೋಂಕು ತರಬಹುದು. ನೀರು ಚಿಮುಕಿಸಿ, ಮಾಸ್ಕ್, ಕೈಗವಸು ಹಾಕಿ ತೆಗೆಯಿರಿ. ಬಾವಲಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಗಾಗಿ ಅಂದೇ ವೈದ್ಯರನ್ನು ಕಾಣಿ. ನಿಮಗೆ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಹತ್ತಿರ.